ಗಾಡಿ ಲೀಸಿನದು, ಟೈರು ನಮ್ಮದು

ಅಕ್ಟೋಬರ್ ಬಂತೆಂದರೆ ನನಗೆ ಎರಡು ಬಗೆಯ ಫೋನು ಬರುತ್ತವೆ. ದೀಪಾವಳಿಗೆ ಊರಿಗೆ ಹೊರಟವರು 'ಟೈರು ಇನ್ನೊಂದು ಟ್ರಿಪ್ ತಡೆಯುತ್ತಾ ನೋಡಿ' ಎಂದು ಫೋಟೋ ಕಳಿಸುವುದು ಒಂದು ಬಗೆ. ಇಪ್ಪತ್ತೇಳು ವರ್ಷ ಟೈರ್ ಕಂಪನಿಯಲ್ಲಿ ದುಡಿದು ನಿವೃತ್ತನಾದವನಿಗೆ ದೆಹಲಿಯ ಕನ್ನಡ ಬಳಗ ಕೊಟ್ಟಿರುವ ಪಿಂಚಣಿ ಇದು ಎಂದುಕೊಂಡಿದ್ದೇನೆ. ಇನ್ನೊಂದು ಬಗೆಯ ಫೋನು ಈಚಿನ ಐದಾರು ವರ್ಷಗಳಿಂದ ಶುರುವಾಗಿದ್ದು, ಹೊರದೇಶದಿಂದ ಬರುತ್ತದೆ. ನಮ್ಮ ನಿಮ್ಮ ಮಕ್ಕಳು, ಅಳಿಯಂದಿರು, ಅಕ್ಕತಂಗಿಯರ ಮಕ್ಕಳು ಮ್ಯೂನಿಕ್, ಟೊರಾಂಟೊ, ಡೆಟ್ರಾಯಿಟ್ ಅಂತ ಹೋಗಿ ನೆಲೆಸಿದ್ದಾರಲ್ಲ, ಅವರಿಗೆ ಚಳಿಗಾಲದ ಟೈರು ಬೇಕು. ಯಾವುದು, ಎಷ್ಟಕ್ಕೆ, ಬೇಕೇಬೇಕಾ, ಇದು ಅವರ ಪ್ರಶ್ನೆ.

ಈ ಸಲ ಕೇಳಿದವನು ನನ್ನ ಅಕ್ಕನ ಮಗ. ಮ್ಯೂನಿಕ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ಹೋದ ತಿಂಗಳು 36 ತಿಂಗಳ ಲೀಸಿಗೆ ಒಂದು ಗಾಲ್ಫ್ ಜಿಟಿಐ ತೆಗೆದುಕೊಂಡಿದ್ದಾನೆ. ಗಂಟೆಗೆ 250 ಕಿಲೋಮೀಟರ್ ಓಡುವ ಗಾಡಿ, 19 ಇಂಚಿನ ದೊಡ್ಡ ಅಲಾಯ್ ಚಕ್ರ, ಅದರ ಮೇಲೆ ಬೆರಳು ದಪ್ಪದ ರಬ್ಬರು. ನೋಡಲು ಚೆಂದ. ತಿಂಗಳ ಕಂತು ಕಟ್ಟಿ ಸುಸ್ತಾದ ಮೇಲೆ ಷೋರೂಮಿನವರು ಚಳಿಗಾಲದ ಚಕ್ರಗಳಿಗೆ 2,400 ಯೂರೋ ಹೇಳಿದ್ದಾರೆ. 'ಮಾವ, ಮೂರು ವರ್ಷಕ್ಕೆ ವಾಪಸ್ ಕೊಡೋ ಗಾಡಿಗೆ ಇಷ್ಟು ದುಡ್ಡು ಸುರಿಯೋದಾ? ಅಗ್ಗದ್ದು ಯಾವುದಾದ್ರೂ ಹಾಕಿಸಿಬಿಡ್ಲಾ?' ಅಂದ.

ಲೀಸ್ ಎಂದ ಕೂಡಲೇ ನಮ್ಮವರಿಗೆ ಬೆಂಗಳೂರಿನ ಲೀಸ್ ಮನೆ ನೆನಪಾಗುತ್ತದೆ. ಹತ್ತು ಲಕ್ಷವೋ ಹದಿನೈದು ಲಕ್ಷವೋ ಕೊಟ್ಟು ಕೂತರೆ, ಬಿಡುವಾಗ ಗಂಟು ಗಂಟಾಗಿಯೇ ವಾಪಸ್. ಅಕ್ಕ ಹಾಗೆಯೇ ತಿಳಿದುಕೊಂಡಿದ್ದಳು. ಅಲ್ಲಿನ ಕಾರ್ ಲೀಸ್ ಬೇರೆ. ಗಾಡಿ ಬ್ಯಾಂಕಿನದೋ ಲೀಸಿಂಗ್ ಕಂಪನಿಯದೋ. ನೀವು ಪ್ರತಿ ತಿಂಗಳು ಕಟ್ಟುತ್ತೀರಿ, ಅವಧಿ ಮುಗಿದ ದಿನ ಕೀಲಿ ಕೊಟ್ಟು ಕೈ ಬೀಸಿಕೊಂಡು ಬರುತ್ತೀರಿ. ಕೈ ಬೀಸಿಕೊಂಡು ಬರುವ ಮೊದಲು ಒಬ್ಬ ತಪಾಸಣೆಗಾರ ಗಾಡಿಯ ಸುತ್ತ ಬರುತ್ತಾನೆ. ಅಲಾಯ್ ಮೇಲೆ ಫುಟ್‌ಪಾತಿನ ಕಲ್ಲು ಉಜ್ಜಿದ ಗೀರು, ಸವೆದ ಟೈರು, ಬಾಗಿಲಿನ ತಗ್ಗು ಎಲ್ಲಕ್ಕೂ ಲೆಕ್ಕ. ಬಂದಾಗ ಯಾವ ಚಕ್ರ ಇತ್ತೋ ಅದೇ ಚಕ್ರದಲ್ಲಿ ಗಾಡಿ ಹಿಂದಿರುಗಬೇಕು. ಹುಡುಗನ ಪ್ರಶ್ನೆಗೆ ಉತ್ತರ ಅರ್ಧ ಇಲ್ಲಿಯೇ ಇದೆ. ಇನ್ನರ್ಧ ರಬ್ಬರಿನಲ್ಲಿದೆ.

ರಬ್ಬರಿನ ಮಾತು ಮೊದಲು. ದೆಹಲಿಯಲ್ಲಿರುವ ಕನ್ನಡಿಗರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಡಿಸೆಂಬರ್‌ನಲ್ಲಿ ತಲೆಗೆ ಹಚ್ಚಲು ಕೊಬ್ಬರಿ ಎಣ್ಣೆ ಬಾಟಲಿ ತಲೆಕೆಳಗು ಹಿಡಿದರೆ ಒಂದು ಹನಿ ಬೀಳುವುದಿಲ್ಲ, ಬಿಸಿನೀರಿನಲ್ಲಿ ಇಟ್ಟು ಕಾಯಬೇಕು. ಪಕ್ಕದಲ್ಲೇ ಇರುವ ಎಳ್ಳೆಣ್ಣೆ ಮಾತ್ರ ಹಾಯಾಗಿ ಹರಿಯುತ್ತಿರುತ್ತದೆ. ಚೆನ್ನೈ ಓದುಗರಿಗೆ ಈ ಭಾಗ್ಯವಿಲ್ಲ, ಅವರು ನನ್ನ ಮಾತು ನಂಬಿದರೆ ಸಾಕು. ಟೈರಿನ ರಬ್ಬರು ಎಣ್ಣೆಯಂತೆ ಹೆಪ್ಪುಗಟ್ಟುವುದಿಲ್ಲ ನಿಜ, ಆದರೆ ಚಳಿಗೆ ಬಿರುಸಾಗುತ್ತದೆ, ಮತ್ತು ಯಾವ ಚಳಿಗೆ ಎಷ್ಟು ಬಿರುಸು ಎನ್ನುವುದು ಮಿಶ್ರಣದಿಂದ ಮಿಶ್ರಣಕ್ಕೆ ಬೇರೆ. ವೇಗದ ಗಾಡಿಗಳಿಗೆ ಹಾಕುವ ಬೇಸಿಗೆ ಟೈರು ಕಾದ ರಸ್ತೆಗೆ ಅಂಟಿಕೊಂಡು ಹಿಡಿಯಲೆಂದೇ ಮಾಡಿದ್ದು. ಅದೇ ಟೈರು ಸೊನ್ನೆಯ ಹತ್ತಿರ ಬಂದಾಗ ಗಟ್ಟಿ ಪ್ಲಾಸ್ಟಿಕ್ಕಿನ ಗುಣ ತೋರಿಸುತ್ತದೆ. ಕೆಲವು ರೇಸ್ ಬಗೆಯ ಬೇಸಿಗೆ ಟೈರುಗಳನ್ನು ಸೊನ್ನೆಗಿಂತ ಏಳು ಡಿಗ್ರಿ ಕೆಳಗಿನ ಚಳಿಯಲ್ಲಿ ಓಡಿಸಲೇಬೇಡಿ, ರಬ್ಬರು ಸೀಳೀತು ಎಂದು ತಯಾರಕರೇ ಎಚ್ಚರಿಸುತ್ತಾರೆ.

ಚಳಿಗಾಲದ ಟೈರಿನ ಮಿಶ್ರಣದಲ್ಲಿ ಮೆತುತನ ಉಳಿಸುವ ರಬ್ಬರು, ಸಿಲಿಕಾ ಹೆಚ್ಚು. ಮೇಲ್ಮೈಯ ಪ್ರತಿ ಗಟ್ಟಿಯಲ್ಲೂ ಬ್ಲೇಡಿನಿಂದ ಕೊಯ್ದಂಥ ಸಣ್ಣ ಸಣ್ಣ ಸೀಳುಗಳಿರುತ್ತವೆ. ಟೈರು ಉರುಳುವಾಗ ಅವು ಬಾಯಿಬಿಟ್ಟು ಹಿಮವನ್ನು ಕಚ್ಚುತ್ತವೆ. ಹಿಮಕ್ಕೆ ಹಿಮವೇ ಚೆನ್ನಾಗಿ ಅಂಟುವುದರಿಂದ ಸೀಳುಗಳೊಳಗೆ ಸಿಕ್ಕಿದ ಹಿಮವೂ ಹಿಡಿತಕ್ಕೆ ನೆರವಾಗುತ್ತದೆ. 50 ಕಿಲೋಮೀಟರ್ ವೇಗದಲ್ಲಿ ಹಿಮದ ಮೇಲೆ ಬ್ರೇಕ್ ಒತ್ತಿದರೆ ಬೇಸಿಗೆ ಟೈರಿನ ಗಾಡಿ ನಿಲ್ಲಲು ಚಳಿಗಾಲದ ಟೈರಿಗಿಂತ ಹೆಚ್ಚುಕಡಿಮೆ ದುಪ್ಪಟ್ಟು ದೂರ ತೆಗೆದುಕೊಳ್ಳುತ್ತದೆ. 'ನಂದು ನಾಲ್ಕೂ ಚಕ್ರ ಎಳೆಯೋ ಗಾಡಿ' ಎಂದು ಬೀಗುವವರಿಗೆ ಒಂದು ಮಾತು: ನಾಲ್ಕು ಚಕ್ರ ಎಳೆದರೆ ಹೊರಡುವುದು ಸುಲಭವಾಗುತ್ತದೆ. ನಿಲ್ಲುವಾಗ ಎಲ್ಲ ಗಾಡಿಗೂ ನಾಲ್ಕೇ ಬ್ರೇಕು.

ಏಳು ಡಿಗ್ರಿ ಎಂಬ ಸಂಖ್ಯೆಯನ್ನು ಅಲ್ಲಿ ಎಲ್ಲರೂ ಮಂತ್ರದಂತೆ ಹೇಳುತ್ತಾರೆ, ಅದಕ್ಕಿಂತ ಕೆಳಗೆ ಹೋದರೆ ಟೈರು ಬದಲಿಸಿ ಎಂದು. ಸರಿಯಾಗಿ ಏಳಕ್ಕೆ ಏನೂ ಪವಾಡ ನಡೆಯುವುದಿಲ್ಲ. ನೆನಪಿಗೆ ಒಳ್ಳೆಯದು, ಅಷ್ಟೆ. ಜರ್ಮನ್ನರಿಗೆ ಇದಕ್ಕಿಂತ ಸುಲಭದ ಲೆಕ್ಕ ಇನ್ನೊಂದಿದೆ, 'ಓ ದಿಂದ ಓ ವರೆಗೆ'. ಅಂದರೆ ಒಕ್ಟೋಬರ್‌ನಿಂದ ಓಸ್ಟರ್ನ್ ವರೆಗೆ, ಅಕ್ಟೋಬರ್‌ನಿಂದ ಈಸ್ಟರ್ ತನಕ. ಕಾನೂನಿನಲ್ಲಿ ತಾರೀಖು ಇಲ್ಲ. ರಸ್ತೆಯ ಮೇಲೆ ಹಿಮ, ಮಂಜುಗಡ್ಡೆ, ಕೆಸರುಹಿಮ ಇದ್ದರೆ ಚಳಿಗಾಲಕ್ಕೆ ತಕ್ಕ ಟೈರು ಇರಲೇಬೇಕು. ಇಲ್ಲದಿದ್ದರೆ 60 ಯೂರೋ ದಂಡ, ಲೈಸೆನ್ಸಿನ ಖಾತೆಗೆ ಒಂದು ಪಾಯಿಂಟು. 'ತಕ್ಕ ಟೈರು' ಎಂದರೆ ಮೂರು ಶಿಖರಗಳ ಬೆಟ್ಟದೊಳಗೆ ಒಂದು ಹಿಮದ ಹೂವು ಇರುವ ಚಿತ್ರ ಟೈರಿನ ಪಕ್ಕೆಯಲ್ಲಿ ಅಚ್ಚಾಗಿರಬೇಕು. ಮೊದಲು ಎಂ+ಎಸ್ ಎಂಬ ಅಕ್ಷರವಿದ್ದರೆ ಸಾಕಿತ್ತು. ಅದನ್ನು ಯಾವ ಪರೀಕ್ಷೆಯೂ ಇಲ್ಲದೆ ತಯಾರಕರು ಹಾಕಿಕೊಳ್ಳಬಹುದಿತ್ತು. 2024ರ ಅಕ್ಟೋಬರ್ 1ರಿಂದ ಜರ್ಮನಿಯಲ್ಲಿ ಬರೀ ಎಂ+ಎಸ್ ನಡೆಯುವುದಿಲ್ಲ. ಯಾರಾದರೂ ಹಳೆಯ ಸೆಟ್ಟು ಅಗ್ಗಕ್ಕೆ ಕೊಡುತ್ತೇನೆಂದರೆ ಮೊದಲು ಈ ಬೆಟ್ಟವನ್ನು ಹುಡುಕಬೇಕು.

60 ಯೂರೋ ದಂಡ ದೊಡ್ಡದಲ್ಲ. ಲೀಸ್ ಗಾಡಿಯವರಿಗೆ ಭಯ ಇರಬೇಕಾದದ್ದು ಬೇರೆ ಕಡೆ. ಹಿಮದಲ್ಲಿ ಬೇಸಿಗೆ ಟೈರಿನಲ್ಲಿ ಹೋಗಿ ಗುದ್ದಿದರೆ ವಿಮೆ ಕಂಪನಿ 'ಘೋರ ನಿರ್ಲಕ್ಷ್ಯ' ಎಂದು ಪರಿಹಾರದಲ್ಲಿ ಕಡಿತ ಮಾಡಬಹುದು. ಗಾಡಿ ನಿಮ್ಮದಾಗಿದ್ದರೆ ತಗ್ಗುಬಿದ್ದ ಬಾನೆಟ್ಟನ್ನೇ ಎರಡು ವರ್ಷ ಓಡಿಸಬಹುದು. ಲೀಸಿನ ಗಾಡಿಯ ಮಾಲೀಕನಿಗೆ ಪೂರ್ತಿ ಲೆಕ್ಕ ಕೊಡಬೇಕು.

ಸರಿ, ಈಗ ದುಡ್ಡಿನ ಮಾತು. ಹುಡುಗನಿಗೆ ನಾನು ಹೇಳಿದ್ದು ಇಷ್ಟು: ಚಕ್ರದ ಅಳತೆಯಲ್ಲಿ ಉಳಿಸು, ಟೈರಿನ ಗುಣದಲ್ಲಿ ಉಳಿಸಬೇಡ.

ಅವನ ಗಾಡಿಯ ಟೈರಿನ ಮೇಲೆ 235/35 ಆರ್19 ಎಂದಿದೆ. 235 ಎಂದರೆ ಟೈರಿನ ಅಗಲ ಮಿಲಿಮೀಟರಿನಲ್ಲಿ, 35 ಎಂದರೆ ಪಕ್ಕೆಯ ಎತ್ತರ ಅಗಲದ ನೂರಕ್ಕೆ 35 ಪಾಲು, 19 ಎಂದರೆ ಅಲಾಯ್‌ನ ವ್ಯಾಸ ಇಂಚಿನಲ್ಲಿ. ಲೆಕ್ಕ ಹಾಕಿದರೆ ಇಡೀ ಚಕ್ರದ ಎತ್ತರ 647 ಮಿಲಿಮೀಟರ್. ಅದೇ ಮಾದರಿಯ ಗಾಡಿಗೆ 225/45 ಆರ್17 ಕೂಡ ನಡೆಯುತ್ತದೆ. ಅದರ ಎತ್ತರ 634. ಹೊರಗಿನ ಸುತ್ತಳತೆಯಲ್ಲಿ ನೂರಕ್ಕೆ ಎರಡು ಪಾಲು ವ್ಯತ್ಯಾಸ. ಒಳಗಿನ ಲೋಹ ಚಿಕ್ಕದಾಗಿ, ಹೊರಗಿನ ರಬ್ಬರು ಎತ್ತರವಾಯಿತು. ಯಾವ ಯಾವ ಅಳತೆ ನಡೆಯುತ್ತದೆ ಎನ್ನುವುದು ಗಾಡಿಯ ಜೊತೆ ಬರುವ ಅನುರೂಪತೆ ಪ್ರಮಾಣಪತ್ರದಲ್ಲಿ ಬರೆದಿರುತ್ತದೆ. ಆ ಪಟ್ಟಿಯಲ್ಲಿರುವ ಅಳತೆಯನ್ನೇ ಆರಿಸಿಕೊಂಡರೆ ಲೀಸಿಂಗ್ ಕಂಪನಿಯ ಜೊತೆಗೂ ವಿಮೆಯವರ ಜೊತೆಗೂ ತಕರಾರಿಲ್ಲ. ಗೆಳೆಯ ಹೇಳಿದ, ಕೂತಿತು, ಹಾಕಿದೆ ಎನ್ನುವ ನಮ್ಮ ಕರೋಲ್ ಬಾಗ್ ಪದ್ಧತಿ ಅಲ್ಲಿ ನಡೆಯುವುದಿಲ್ಲ. ಇನ್ನೊಂದು ಎಚ್ಚರ, ವೇಗದ ಗಾಡಿಗಳಿಗೆ ಬ್ರೇಕು ದೊಡ್ಡದಿರುತ್ತದೆ. ತೀರಾ ಚಿಕ್ಕ ರಿಮ್ ಹಾಕಿದರೆ ಬ್ರೇಕಿಗೆ ತಾಗುತ್ತದೆ. ಅದಕ್ಕೇ ಪಟ್ಟಿ ನೋಡುವುದು.

17 ಇಂಚಿಗೆ ಇಳಿದರೆ ಏನಾಗುತ್ತದೆ ನೋಡಿ. ಅವನು ತರಿಸಿಕೊಂಡ ದರಗಳ ಪ್ರಕಾರ ಸಾದಾ ಅಲಾಯ್ ಒಂದಕ್ಕೆ 95 ಯೂರೋ, ನಾಲ್ಕಕ್ಕೆ 380. ಮಧ್ಯಮ ದರ್ಜೆಯ ಒಳ್ಳೆಯ ಟೈರು ಒಂದಕ್ಕೆ 105, ನಾಲ್ಕಕ್ಕೆ 420. ಕೂರಿಸಿ ಬ್ಯಾಲೆನ್ಸಿಂಗ್ ಮಾಡಲು 80. ಒಟ್ಟು 880 ಯೂರೋ. ಷೋರೂಮಿನ 19 ಇಂಚಿನ ಸೆಟ್ಟಿಗೆ ಹೇಳಿದ್ದು 2,400. ಅಳತೆ ಇಳಿಸಿ ಹೊರಗೆ ಕೊಂಡದ್ದಕ್ಕೇ 1,520 ಯೂರೋ ಉಳಿಯಿತು. ರಸ್ತೆಯ ಮೇಲೆ ಇದರಿಂದ ನಷ್ಟವೇನೂ ಇಲ್ಲ. ಹಿಮ, ಕೆಸರುಹಿಮದಲ್ಲಿ ಕಡಿಮೆ ಅಗಲದ ಟೈರು ಒತ್ತಿಕೊಂಡು ಕೆಳಗಿಳಿಯುತ್ತದೆ, ಅಗಲದ್ದು ಮೇಲೆ ತೇಲುತ್ತದೆ. ಪಕ್ಕೆ ಎತ್ತರವಿದ್ದರೆ ಹಿಮದಡಿ ಕಾಣದ ಗುಂಡಿಗೆ ಬಿದ್ದಾಗ ಅಲಾಯ್ ಬಾಗುವುದಿಲ್ಲ. ನಷ್ಟ ಆಗುವುದು ಗಾಡಿಯ ಅಂದಕ್ಕೆ. 'ದೊಡ್ಡ ಬೂಟು ಬಿಚ್ಚಿ ಹವಾಯಿ ಚಪ್ಪಲಿ ಹಾಕಿದ ಹಾಗೆ ಕಾಣುತ್ತೆ ಮಾವ' ಅಂದ. ಕಾಣಲಿ. ಜನವರಿಯಲ್ಲಿ ಉಪ್ಪು, ಕೆಸರು ಮೆತ್ತಿಕೊಂಡ ಗಾಡಿಯ ಚಕ್ರ ನೋಡಿ ಮೆಚ್ಚುವವರು ಯಾರು?

ಹುಡುಗ ಇಲ್ಲಿಗೆ ನಿಲ್ಲಲಿಲ್ಲ. ಉಳಿತಾಯದ ರುಚಿ ಹತ್ತಿದ ಮೇಲೆ 65 ಯೂರೋದ ಟೈರೊಂದನ್ನು ಹುಡುಕಿ ತಂದ. ಹೆಸರು ನಾನೇ ಕೇಳಿರದ್ದು. ನಾಲ್ಕಕ್ಕೆ 160 ಯೂರೋ ಉಳಿಯುತ್ತದೆ. 36 ತಿಂಗಳಿಗೆ ಹಂಚಿದರೆ ತಿಂಗಳಿಗೆ ನಾಲ್ಕೂವರೆ ಯೂರೋ, ಮ್ಯೂನಿಕ್‌ನಲ್ಲಿ ಒಂದು ಕಾಫಿ. ಇದನ್ನು ಮಾತ್ರ ನಾನು ಒಪ್ಪಲಿಲ್ಲ. ಅಗ್ಗದ ಟೈರು ಎಲ್ಲಿ ಕೈಕೊಡುತ್ತದೆ ಎಂದರೆ ಹೆಚ್ಚಾಗಿ ಹಿಮದಲ್ಲಲ್ಲ, ಮಳೆಯಲ್ಲಿ ನೆನೆದ ರಸ್ತೆಯ ಬ್ರೇಕಿನಲ್ಲಿ. ಹಿಮಕ್ಕೆಂದು ರಬ್ಬರು ಮೆತುಮಾಡುವುದು ಕಷ್ಟದ ಕೆಲಸವಲ್ಲ. ಹಿಮಕ್ಕೂ ಹಿಡಿದು, ನೀರಿನಲ್ಲೂ ನಿಂತು, ಬೇಗ ಸವೆಯದ ಮಿಶ್ರಣ ಮಾಡುವುದು ಕಷ್ಟ, ಖರ್ಚು ಅಲ್ಲಿದೆ. ಮ್ಯೂನಿಕ್‌ನಂಥ ಊರಿನಲ್ಲಿ ಚಳಿಗಾಲದ ಬಹುಪಾಲು ದಿನ ರಸ್ತೆ ಒದ್ದೆ, ಹಿಮ ಕೆಲವೇ ದಿನ. ಡಿಸೆಂಬರ್‌ನಲ್ಲಿ ಅಕ್ಕ ಭಾವ ಅಲ್ಲಿಗೆ ಹೋಗುತ್ತಿದ್ದಾರೆ, ಸಾಲ್ಜ್‌ಬರ್ಗ್ ತೋರಿಸುತ್ತೇನೆಂದು ಹುಡುಗ ಮಾತು ಕೊಟ್ಟಿದ್ದಾನೆ. ಆ ಗಾಡಿಯ ಹಿಂದಿನ ಸೀಟಿನಲ್ಲಿ ಮಂಡಿನೋವಿನ ನನ್ನ ಅಕ್ಕ ಕೂರುತ್ತಾಳೆ. ತಿಂಗಳಿಗೊಂದು ಕಾಫಿಯ ದುಡ್ಡಿನ ಮೇಲೆ ಚೌಕಾಸಿ ಬೇಡ ಎಂದು ಸ್ವಲ್ಪ ಜೋರಾಗಿಯೇ ಹೇಳಿದೆ.

ಹಾಗಂತ ಅತಿ ದುಬಾರಿಯದ್ದೇ ಬೇಕೆಂದಿಲ್ಲ. ದೊಡ್ಡ ಕಂಪನಿಗಳಿಗೆಲ್ಲ ಎರಡನೇ ಸಾಲಿನ ಹೆಸರುಗಳಿವೆ. ಕಾಂಟಿನೆಂಟಲ್‌ಗೆ ಸೆಂಪೆರಿಟ್, ಯೂನಿರಾಯಲ್, ಬಾರೂಮ್, ಮಿಷೆಲಿನ್‌ಗೆ ಕ್ಲೆಬರ್, ಗುಡ್‌ಇಯರ್‌ಗೆ ಫುಲ್ಡಾ, ಸಾವಾ. ಇವುಗಳಲ್ಲಿ ಹೆಚ್ಚಾಗಿ ಮನೆಯ ಹಿರಿಯಣ್ಣನ ಹಳೆಯ ತಂತ್ರಜ್ಞಾನ ಕಡಿಮೆ ಬೆಲೆಗೆ ಸಿಗುತ್ತದೆ. ನಮ್ಮ ಗುರುಗ್ರಾಮದ ಅಪೋಲೊ 2009ರಲ್ಲಿ ನೆದರ್ಲೆಂಡ್ಸ್‌ನ ಫ್ರೆಡೆಸ್ಟೈನ್ ಕಂಪನಿಯನ್ನು ಕೊಂಡಿತು. ಆ ಹೆಸರಿನ ಚಳಿಗಾಲದ ಟೈರು ಯುರೋಪಿನಲ್ಲಿ ಚಿರಪರಿಚಿತ. ಹೆಸರು ನೋಡಿ ಅಭಿಮಾನಪಡಬಹುದು, ಆದರೆ ಕೊಳ್ಳುವ ಮೊದಲು ಪರೀಕ್ಷೆಯ ಅಂಕ ನೋಡಿ. ಜರ್ಮನಿಯ ಎಡಿಎಸಿ, ಆಸ್ಟ್ರಿಯಾ ಮತ್ತು ಸ್ವಿಟ್ಜರ್ಲೆಂಡಿನ ವಾಹನ ಸಂಘಗಳ ಜೊತೆ ಸೇರಿ ಪ್ರತಿ ವರ್ಷ ಚಳಿಗಾಲದ ಟೈರುಗಳನ್ನು ಪರೀಕ್ಷೆಗೆ ಹಾಕುತ್ತದೆ. ಅಲ್ಲಿ ಅಂಕ ಕಡಿಮೆ ಇದ್ದಷ್ಟೂ ಒಳ್ಳೆಯದು, ನಮ್ಮ ಶಾಲೆಯ ಲೆಕ್ಕ ತಲೆಕೆಳಗು. ಒಟ್ಟು ಅಂಕ ನೋಡಿ ಸುಮ್ಮನಾಗದೆ ಒದ್ದೆ ರಸ್ತೆಯ ಅಂಕ ಪ್ರತ್ಯೇಕ ನೋಡಬೇಕು.

ದುಡ್ಡು ಉಳಿಸುವ ಇನ್ನೊಂದು ಗುಟ್ಟು ಅಳತೆಯ ಕೊನೆಯ ಅಕ್ಷರದಲ್ಲಿದೆ. 91ಎಚ್, 91ವಿ ಎಂದೆಲ್ಲ ಇರುತ್ತದೆ. 91 ಎಂದರೆ ಒಂದು ಟೈರು ಹೊರಬಲ್ಲ ಭಾರ, 615 ಕಿಲೋ. ಪ್ರಮಾಣಪತ್ರದಲ್ಲಿ ಹೇಳಿದ್ದಕ್ಕಿಂತ ಇದನ್ನು ಇಳಿಸುವಂತಿಲ್ಲ. ಅಕ್ಷರ ವೇಗದ್ದು: ಟಿ ಎಂದರೆ 190, ಎಚ್ 210, ವಿ 240, ಡಬ್ಲ್ಯೂ 270, ವೈ 300 ಕಿಲೋಮೀಟರ್. 250 ಓಡುವ ಗಾಡಿಗೆ ಬೇಸಿಗೆಯಲ್ಲಿ ಅದಕ್ಕೆ ತಕ್ಕ ಅಕ್ಷರವೇ ಬೇಕು. ಚಳಿಗಾಲದ ಟೈರಿಗೆ ಮಾತ್ರ ಜರ್ಮನಿಯಲ್ಲಿ ರಿಯಾಯಿತಿ ಇದೆ. ಎಚ್ ಹಾಕಿಸಿ, ಚಾಲಕನ ಕಣ್ಣಿಗೆ ಬೀಳುವಂತೆ '210' ಎಂಬ ಚೀಟಿ ಅಂಟಿಸಿ, ಆ ವೇಗ ದಾಟದೆ ಓಡಿಸಿದರೆ ಸರಿ. ಎಚ್ ಸಾಮಾನ್ಯವಾಗಿ ವಿಗಿಂತ ಅಗ್ಗ. ಈ ಚೀಟಿಯ ವಿಷಯ ಕೇಳಿ ಹುಡುಗನಿಗೆ ಅವಮಾನವಾದಂತಾಯಿತು. ಅವನಮ್ಮನಿಗೆ ಎಷ್ಟು ಸಂತೋಷವಾಯಿತೆಂದರೆ '100 ಅಂತ ಬರೆದದ್ದು ಸಿಗಲ್ವಾ?' ಎಂದು ಕೇಳಿದಳು.

ಹಳೆಯ ಸೆಟ್ಟು ಕೊಳ್ಳಬಹುದೇ? ಕೊಳ್ಳಬಹುದು, ಲೀಸ್ ಮುಗಿಸಿದವರು ಮಾರುತ್ತಿರುತ್ತಾರೆ. ಆದರೆ ಆಳ ಅಳೆದು ಕೊಳ್ಳಿ. ಹೊಸ ಟೈರಿನ ಗೀರಿನ ಆಳ ಸುಮಾರು 8 ಮಿಲಿಮೀಟರ್. ಜರ್ಮನಿಯ ಕಾನೂನು 1.6ಕ್ಕೆ ತೃಪ್ತಿಪಡುತ್ತದೆ. ಆಸ್ಟ್ರಿಯಾದಲ್ಲಿ 4 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ಅದನ್ನು ಚಳಿಗಾಲದ ಟೈರು ಎಂದೇ ಪರಿಗಣಿಸುವುದಿಲ್ಲ. ಅಲ್ಲಿ ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ ಈ ನಿಯಮ. ಮ್ಯೂನಿಕ್‌ನಿಂದ ಸಾಲ್ಜ್‌ಬರ್ಗ್‌ಗೆ ಎರಡು ಗಂಟೆಯೂ ಇಲ್ಲ, ಗಡಿ ದಾಟಿದ್ದು ಗೊತ್ತೇ ಆಗುವುದಿಲ್ಲ. 5 ಮಿಲಿಮೀಟರ್ ಉಳಿದ ಸೆಟ್ಟು ಕೊಂಡವನಿಗೆ ಸಿಗುವುದು ಒಂದು ಚಳಿಗಾಲ, ಹೆಚ್ಚೆಂದರೆ ಎರಡು. ಅದಕ್ಕಿಂತ ಜಾಣತನ, ಅಂಗಡಿಯಲ್ಲಿ ಉಳಿದುಹೋದ ಹೋದ ವರ್ಷದ ಹೊಸ ಟೈರು ಕೇಳುವುದು. ಪಕ್ಕೆಯಲ್ಲಿ ಡಿಒಟಿ ಸಾಲಿನ ಕೊನೆಗೆ ನಾಲ್ಕು ಅಂಕೆ ಇರುತ್ತವೆ. 3524 ಎಂದರೆ 2024ರ 35ನೇ ವಾರ ಹುಟ್ಟಿದ್ದು. ನೆರಳಿನಲ್ಲಿ ಇಟ್ಟ ಟೈರಿಗೆ ಒಂದೆರಡು ವರ್ಷ ಏನೇನೂ ಅಲ್ಲ. ಮೂರೇ ಚಳಿಗಾಲ ಬೇಕಾದವನಿಗಂತೂ ಅದರಿಂದ ತೊಂದರೆಯಿಲ್ಲ.

ಬೇರೆ ರಿಮ್ ಯಾಕೆ, ಇರುವ ಅಲಾಯ್‌ಗೇ ಟೈರು ಬದಲಿಸಿಕೊಂಡರಾಗದೇ ಎಂದು ಕೇಳುವವರಿದ್ದಾರೆ. ಮೂರು ಚಳಿಗಾಲಕ್ಕೆ ಆರು ಸಲ ಬದಲಿಸಬೇಕು. ಪ್ರತಿ ಸಲ ಟೈರು ಕಳಚಿ ಕೂರಿಸಿ ಬ್ಯಾಲೆನ್ಸ್ ಮಾಡಲು, ಚಕ್ರವನ್ನೇ ಬಿಚ್ಚಿ ಹಾಕುವುದಕ್ಕಿಂತ ಅವನ ಊರಿನಲ್ಲಿ 50 ಯೂರೋ ಹೆಚ್ಚು. ಅಲ್ಲಿಗೆ 300 ಯೂರೋ ಆಯಿತು, ಹೊಸ ರಿಮ್ಮಿನ ಮುಕ್ಕಾಲು ದುಡ್ಡು. ಅದರ ಜೊತೆಗೆ ಲೀಸಿನ ಹೊಳೆಯುವ 19 ಇಂಚು ಉಪ್ಪು ನೀರಿನಿಂದಲೂ ಯಂತ್ರದ ಗೀರಿನಿಂದಲೂ ಪಾರಾಗುತ್ತದೆ. ವರ್ಷದಲ್ಲಿ ಐದಾರು ತಿಂಗಳು ಮೂಲ ಟೈರಿಗೆ ವಿಶ್ರಾಂತಿ ಸಿಗುವುದರಿಂದ ಗಾಡಿ ಒಪ್ಪಿಸುವ ದಿನ ದುಬಾರಿ ಹೊಸ ಜೊತೆ ಕೊಳ್ಳುವ ಪ್ರಮೇಯ ಬರಲಿಕ್ಕಿಲ್ಲ. ಕೊನೆಯಲ್ಲಿ 17 ಇಂಚಿನ ಸೆಟ್ಟು ನಿಮ್ಮದೇ, ಮಾರಿಕೊಳ್ಳಬಹುದು. ಲೀಸಿಂಗ್ ಕಂಪನಿ ಕೊಡುವ ಟೈರ್ ಪ್ಯಾಕೇಜು ತಿಂಗಳಿಗೆ 52 ಯೂರೋ ಹೇಳಿತ್ತು, 36 ತಿಂಗಳಿಗೆ 1,872. ಅದರಲ್ಲಿ ಬದಲಿಸುವ ಕೂಲಿ, ಇಡುವ ಜಾಗ ಸೇರಿತ್ತು ನಿಜ, ಕೊನೆಗೆ ಕೈಯಲ್ಲಿ ಉಳಿಯುವುದು ಮಾತ್ರ ಸೊನ್ನೆ. ವರ್ಷಕ್ಕೆ ನಲವತ್ತು ಐವತ್ತು ಸಾವಿರ ಕಿಲೋಮೀಟರ್ ಓಡಿಸಿ ಟೈರು ಸವೆಸುವವರಿಗೆ ಅದು ಲಾಭವಾದೀತು.

ಇಡುವ ಜಾಗದ ಮಾತು ಬಂತು. ಫ್ಲ್ಯಾಟಿನಲ್ಲಿ ಜಾಗವಿಲ್ಲದವರ ಚಕ್ರಗಳನ್ನು ಬಾಡಿಗೆಗೆ ಇಟ್ಟುಕೊಳ್ಳುವ ಅಂಗಡಿಗಳಿವೆ, ಅದಕ್ಕೆ ಜರ್ಮನ್ನರು ಇಟ್ಟ ಹೆಸರು 'ರೈಫನ್ ಹೋಟೆಲ್', ಟೈರ್ ಹೋಟೆಲ್! ಮುಂಬೈಯಲ್ಲಿ ಹೋಟೆಲ್ ನಡೆಸಿ ಮೂರು ತಲೆಮಾರು ಬೆಳೆಸಿದ ನಮ್ಮ ಕರಾವಳಿಯವರಿಗೆ ಇದೊಂದು ಹೊಳೆದಿರಲಿಲ್ಲ. ಹುಡುಗನ ಅಪಾರ್ಟ್‌ಮೆಂಟಿಗೆ ನೆಲಮಾಳಿಗೆ ಇರುವುದರಿಂದ ಆ ಖರ್ಚು ತಪ್ಪಿತು.

ಟೈರಿನ ಗಾಳಿ ತೋರಿಸುವ ಸೆನ್ಸರ್ ಬಗ್ಗೆಯೂ ಕೇಳಿಯೇ ಕೊಳ್ಳಬೇಕು. ಅವನ ಗಾಡಿ ಚಕ್ರ ತಿರುಗುವ ವೇಗದಿಂದಲೇ ಗಾಳಿ ಇಳಿದದ್ದನ್ನು ಊಹಿಸುತ್ತದೆ, ಹೊಸ ರಿಮ್ಮಿಗೆ ಸೆನ್ಸರ್ ಬೇಕಿಲ್ಲ. ಬಿಎಂಡಬ್ಲ್ಯೂದಂಥ ಗಾಡಿಗಳಲ್ಲಿ ಪ್ರತಿ ಚಕ್ರದೊಳಗೂ ಸೆನ್ಸರ್ ಇರುವುದರಿಂದ ಇನ್ನೊಂದು ಜೊತೆ ಕೊಳ್ಳಬೇಕು, ಆ ಖರ್ಚು ಸೇರಿಸಿ ಲೆಕ್ಕ ಹಾಕಿ. ಅವುಗಳ ವೇಗದ ಮಾದರಿಗಳಲ್ಲಿ ಮುಂದೊಂದು ಅಳತೆ, ಹಿಂದೊಂದು ಅಳತೆ ಇರುವುದೂ ಉಂಟು. ಚಳಿಗಾಲಕ್ಕೆ ನಾಲ್ಕೂ ಒಂದೇ ಅಳತೆ ಪಟ್ಟಿಯಲ್ಲಿದ್ದರೆ ಅದೇ ಅಗ್ಗ, ಹಿಂದುಮುಂದು ಅದಲುಬದಲು ಮಾಡಿ ಸಮನಾಗಿ ಸವೆಸಬಹುದು.

ಎಲ್ಲ ಋತುವಿಗೂ ಒಂದೇ ಟೈರು ಎಂದು ಮಾರುತ್ತಾರಲ್ಲ, ಬೆಟ್ಟದ ಗುರುತಿದ್ದರೆ ಅದು ಕಾನೂನಿಗೆ ಸರಿ. ನಗರದೊಳಗೇ ಓಡಾಡುವ ಚಿಕ್ಕ ಗಾಡಿಗೆ ನಾನೇ ಶಿಫಾರಸು ಮಾಡುತ್ತೇನೆ. ವೇಗದ ಗಾಡಿ ತೆಗೆದುಕೊಂಡು ಆಲ್ಪ್ಸ್ ಕಡೆ ಹೋಗುವವನಿಗೆ ಅದು ಬೇಸಿಗೆಯಲ್ಲಿ ಗಾಡಿಯ ಸುಖ ಕೊಡದು, ಬೆಟ್ಟದಲ್ಲಿ ಧೈರ್ಯ ಕೊಡದು. ಕೆನಡಾದ ಕ್ವಿಬೆಕ್‌ನಲ್ಲಿರುವ ನಮ್ಮವರಿಗೆ ಆಯ್ಕೆಯ ಗೊಂದಲ ಕಡಿಮೆ, ಅಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಹಿಮವಿರಲಿ ಬಿಡಲಿ ಚಳಿಗಾಲದ ಟೈರು ಕಡ್ಡಾಯ. ನವೆಂಬರ್ ಕೊನೆಗೆ ಅಂಗಡಿಗಳ ಮುಂದೆ ಸಾಲು, ಅಷ್ಟರೊಳಗೆ ಮುಗಿಸಿಕೊಳ್ಳಿ.

ಹುಡುಗ ಕೊನೆಗೆ 17 ಇಂಚಿನ ಸೆಟ್ಟನ್ನೇ ತಂದ, ಎಚ್ ಅಕ್ಷರದ ಎರಡನೇ ಸಾಲಿನ ಟೈರು, ಹೋದ ವರ್ಷದ್ದು. ಹೋದ ಶನಿವಾರ ಹಾಕಿಸಿಕೊಂಡಿದ್ದಾನೆ. ಹೊಸ ಚಕ್ರ ಕೂರಿಸಿ 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಬೋಲ್ಟುಗಳನ್ನು ಮತ್ತೊಮ್ಮೆ ಅಳತೆಯ ಸ್ಪ್ಯಾನರಿನಲ್ಲಿ ಬಿಗಿ ನೋಡಿಸಬೇಕು, ಬಹಳ ಜನ ಇದನ್ನು ಮರೆಯುತ್ತಾರೆ. ಮಂಗಳವಾರದವರೆಗೂ ಅವನು ನೋಡಿಸಿರಲಿಲ್ಲ. ಇದನ್ನು ಬರೆದು ಮುಗಿಸಿ ಫೋನು ಮಾಡುತ್ತೇನೆ.